ರಿಪೋರ್ಟ್‌ನಲ್ಲಿ ‘ಡಿಸ್ಕ್ ಬಲ್ಜ್’ ಅಂತ ಬಂದಿದೆ, ಇನ್ನು ಮಗಳನ್ನು ಎತ್ತಿಕೊಳ್ಳಬಾರದಾ?

ಪ್ರಶ್ನೆ: ನನಗೆ 36 ವರ್ಷ. ಮನೆ ವಿಜಯನಗರದಲ್ಲಿ, ಕೆಲಸ ಔಟರ್ ರಿಂಗ್ ರೋಡ್‌ನಲ್ಲಿ. ವಾರಕ್ಕೆ ಮೂರು ದಿನ ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ. ಐದು ವಾರದ ಹಿಂದೆ ಬೆಳಿಗ್ಗೆ ಎದ್ದವನೇ ನೀರಿನ ಕ್ಯಾನ್ ಎತ್ತಲು ಹೋದೆ, ಸೊಂಟ ಹಿಡಿದುಕೊಂಡಿತು. ಎರಡು ದಿನ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ಈಗ ಮುಕ್ಕಾಲು ಪಾಲು ಕಡಿಮೆಯಾಗಿದೆ. ಆದರೆ ಜಾಸ್ತಿ ಹೊತ್ತು ಕೂತರೆ ನೋವು ಬರುತ್ತದೆ, ಒಮ್ಮೊಮ್ಮೆ ಎಡ ತೊಡೆಯ ಹಿಂಭಾಗ ಎಳೆದ ಹಾಗಾಗುತ್ತದೆ. ಎಂಆರ್‌ಐ ಮಾಡಿಸಿದೆ. ‘ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಜೆನರೇಟಿವ್ ಬದಲಾವಣೆ’ ಅಂತ ಬಂದಿದೆ. ಅಮ್ಮ ಚಾಪೆ ಮೇಲೆ ಮಲಗು ಅನ್ನುತ್ತಾರೆ. ಮಾವ ಬೆಲ್ಟ್ ತಂದುಕೊಟ್ಟಿದ್ದಾರೆ. ಆಫೀಸಿನ ಗೆಳೆಯ ಆಪರೇಷನ್ ಇಲ್ಲದೆ ಇದು ಹೋಗಲ್ಲ ಅಂದ. ಮೂರು ವರ್ಷದ ಮಗಳಿದ್ದಾಳೆ. ಅವಳನ್ನು ಇನ್ನು ಎತ್ತಿಕೊಳ್ಳಬಾರದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ‘ಮುಕ್ಕಾಲು ಪಾಲು ಕಡಿಮೆಯಾಗಿದೆ’ ಅನ್ನುವ ಮಾತು. ನೀವು ಅದನ್ನು ಹಾಗೇ ದಾಟಿಕೊಂಡು ಸೀದಾ ರಿಪೋರ್ಟ್‌ಗೆ ಹೋಗಿಬಿಟ್ಟಿದ್ದೀರಿ. ಎದ್ದು ನಿಲ್ಲಲು ಆಗದವರು ಐದು ವಾರದಲ್ಲಿ ಆಫೀಸಿಗೆ ಓಡಾಡುತ್ತಿದ್ದೀರಿ. ನಿಮ್ಮ ಸೊಂಟ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದೆ. ಈಗ ನಿಮ್ಮನ್ನು ಹಿಡಿದಿರುವುದು ನೋವಿಗಿಂತ ಜಾಸ್ತಿ ಆ ಕಾಗದ.

ಅದಕ್ಕೆ ಮೊದಲು, ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ. ಮೂತ್ರ ಕಟ್ಟುವುದು, ಇಲ್ಲವೇ ಗೊತ್ತಿಲ್ಲದೆ ಹೋಗಿಬಿಡುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಎರಡೂ ಕಾಲಲ್ಲಿ ಶಕ್ತಿ ಕುಂದುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಅರ್ಧರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬೆನ್ನುಮೂಳೆಯ ಕೆಳಗಿನ ನರಗಳ ಗೊಂಚಲು ಅದುಮಿ ಹೋಗಿದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಹಾಗೆಯೇ ಹೆಬ್ಬೆರಳು ಅಥವಾ ಪಾದ ಮೇಲಕ್ಕೆ ಎತ್ತಲು ಆಗದೆ ಚಪ್ಪಲಿ ಜಾರಿ ಹೋಗುತ್ತಿದ್ದರೆ ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸಿ. ಸಂಜೆ ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇಲ್ಲವೇ ಬೇರೆ ಕಾಯಿಲೆ ಇದೆಯಾ ಅಂತ ನೋಡಲೇಬೇಕು. ನಮ್ಮ ದೇಶದಲ್ಲಿ ಅದನ್ನು ಮರೆಯುವ ಹಾಗಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ಕಾಲ ಸ್ಟೆರಾಯ್ಡ್ ತೆಗೆದುಕೊಂಡವರು, ಬಿದ್ದ ವಯಸ್ಸಾದವರು, ಇವರದ್ದೂ ಬೇರೆ ಲೆಕ್ಕ. ಇನ್ನೊಂದು, ನಿಮ್ಮ ವಯಸ್ಸಿನವರಲ್ಲಿ ಎಷ್ಟೋ ಸಲ ತಪ್ಪಿ ಹೋಗುವಂಥದ್ದು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿ, ಓಡಾಡಿದಷ್ಟೂ ಹಗುರ, ಸುಮ್ನೆ ಕೂತರೆ ಮತ್ತೆ ಜಾಸ್ತಿ. ಇದು ತಿಂಗಳುಗಟ್ಟಲೆ ಇದ್ದರೆ ಮೂಳೆ ಡಾಕ್ಟರಿಗಿಂತ ಮೊದಲು ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರ್ ಹತ್ತಿರ ಹೋಗಿ.

ನಿಮ್ಮ ಪತ್ರದಲ್ಲಿ ಇವು ಯಾವುದೂ ಇಲ್ಲ. ಇದ್ದಿದ್ದರೆ ಬರೆಯುತ್ತಿದ್ದಿರಿ. ಸೊಂಟ ನೋವಿನವರು ಇಂಥದ್ದನ್ನು ಮುಚ್ಚಿಡುವುದಿಲ್ಲ.

ಈಗ ಆ ರಿಪೋರ್ಟ್. ಹಬ್ಬದ ದಿನ ಕಡುಬು ಮಾಡುವುದನ್ನು ನೋಡಿದ್ದೀರಲ್ಲ. ಹೊರಗೆ ಕಣಕ, ಒಳಗೆ ಹೂರಣ. ಎರಡು ಮೂಳೆಗಳ ನಡುವಿನ ಡಿಸ್ಕ್ ಕೂಡ ಹೆಚ್ಚುಕಮ್ಮಿ ಹಾಗೇ. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಜಾಗ. ಹೊರಗೆ ನಾರು ನಾರಾದ ಗಟ್ಟಿ ಬಳೆ, ಒಳಗೆ ಲೋಳೆಯಂಥ ತಿರುಳು. ಒಂದು ವ್ಯತ್ಯಾಸ ಏನೆಂದರೆ, ಈ ಕಣಕ ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅಂಟಿಕೊಂಡೇ ಇರುತ್ತದೆ. ಅದಕ್ಕೇ ‘ಡಿಸ್ಕ್ ಜಾರಿದೆ’ ಅನ್ನುವ ಮಾತು ಕೇಳಿದರೆ ನನಗೆ ಕಿರಿಕಿರಿ. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಅದನ್ನು ಗುದ್ದಿ ವಾಪಸ್ ಕೂರಿಸುವುದೂ ಇಲ್ಲ. ಬಲ್ಜ್ ಅಂದರೆ ಕಡುಬಿನ ಅಂಚು ಸ್ವಲ್ಪ ಉಬ್ಬಿದೆ, ಅಷ್ಟೆ. ಕಣಕ ಹರಿದು ಹೂರಣ ಆಚೆ ಬಂದರೆ ಅದು ಹರ್ನಿಯೇಷನ್. ನಿಮ್ಮ ರಿಪೋರ್ಟ್‌ನಲ್ಲಿ ಆ ಪದ ಇಲ್ಲ. ಇದ್ದಿದ್ದರೂ ಎದೆ ಒಡೆದುಕೊಳ್ಳಬೇಕಿಲ್ಲ. ಆಚೆ ಬಂದ ತಿರುಳನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿ ಹೀರಿಕೊಳ್ಳುವುದು ಸಾಮಾನ್ಯ.

ಒಂದು ಲೆಕ್ಕ ಕೊಡುತ್ತೇನೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 30 ವರ್ಷದವರಲ್ಲಿ ನೂರಕ್ಕೆ 40 ಜನರಿಗೆ ಡಿಸ್ಕ್ ಬಲ್ಜ್ ಇತ್ತು. 40 ವರ್ಷದವರಲ್ಲಿ 50 ಜನರಿಗೆ. ನಿಮ್ಮನ್ನು ಹೆದರಿಸಿದ ‘ಡಿಜೆನರೇಟಿವ್’ ಬದಲಾವಣೆ, ಅಂದರೆ ಡಿಸ್ಕ್ ಸವೆತ, 30ರಲ್ಲಿ 52 ಜನರಿಗೆ, 40ರಲ್ಲಿ 68 ಜನರಿಗೆ. ಮತ್ತೆ ಹೇಳುತ್ತೇನೆ, ಇವರಿಗೆಲ್ಲ ನೋವೇ ಇರಲಿಲ್ಲ. ಕ್ಯಾನ್ ಎತ್ತುವ ಹಿಂದಿನ ದಿನ ನೀವು ಎಂಆರ್‌ಐ ಮಾಡಿಸಿದ್ದರೆ ಬಹುಶಃ ಇದೇ ಬಲ್ಜ್ ಕಾಣುತ್ತಿತ್ತು.

ಸ್ಕ್ಯಾನ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಾಲಲ್ಲಿ ಶಕ್ತಿ ಕುಂದಿದ್ದರೆ, ಆಪರೇಷನ್ ಮಾತು ಬಂದಿದ್ದರೆ, ಟಿಬಿ ಅನುಮಾನ ಇದ್ದರೆ ಅದು ಬೇಕೇ ಬೇಕು. ಅಪಾಯದ ಲಕ್ಷಣ ಇಲ್ಲದ ಸೊಂಟ ನೋವಿಗೆ ಮೊದಲ ಆರು ವಾರ ಬೇಕಾಗುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಹೆಸರು ಹೇಳುವ ಮೊದಲೇ ಆ ದೊಡ್ಡ ಕವರ್ ಮೇಜಿನ ಮೇಲಿಡುತ್ತಾರೆ. ನಾನು ಅದನ್ನು ಪಕ್ಕಕ್ಕಿಟ್ಟು, ‘ಮೊದಲು ಎದ್ದು ನಾಲ್ಕು ಹೆಜ್ಜೆ ನಡೀರಿ’ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ದುಡ್ಡು ಸುರಿದು ತೆಗೆಸಿದ ಫಿಲ್ಮ್ ನೋಡೋದೇ ಇಲ್ವಲ್ಲ ಈಯಮ್ಮ ಅಂತ.

ಹಾಗಾದರೆ ಆ ಬೆಳಿಗ್ಗೆ ಆದದ್ದೇನು? ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರ ಇರುವುದು ಅದಕ್ಕೇ. ಆ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕ್‌ಗಳ ಮೇಲೆ, ಮೂಳೆಗಳನ್ನು ಹಿಡಿದಿಡುವ ಸುತ್ತಲಿನ ಪಟ್ಟಿಗಳ ಮೇಲೆ ಎಳೆತ ಜಾಸ್ತಿ. ನೀವು ಎದ್ದವರೇ 20 ಲೀಟರಿನ ಕ್ಯಾನಿಗೆ ಕೈ ಹಾಕಿದಿರಿ. ಅಂದರೆ 20 ಕೆಜಿ. ಎಲ್ಲೋ ಒಂದು ಕಡೆ ಉಳುಕಿತು. ಅದು ಯಾವ ಎಳೆ, ಯಾವ ಕೀಲು ಅಂತ ಸ್ಕ್ಯಾನ್‌ಗೂ ಗೊತ್ತಾಗುವುದಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಸೊಂಟ ನೋವು ಹೀಗೇ, ಇಂಥದ್ದೇ ಅಂತ ಬೆರಳಿಟ್ಟು ತೋರಿಸಲು ಆಗದಂಥದ್ದು. ಸುತ್ತಲಿನ ಸ್ನಾಯುಗಳು ಗಾಬರಿಯಾಗಿ ಬಿಗಿದುಕೊಂಡವು. ಆ ಬಿಗಿತವೇ ನಿಮ್ಮನ್ನು ಎರಡು ದಿನ ಬಗ್ಗಿಸಿ ನಿಲ್ಲಿಸಿದ್ದು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಆಯುಧ ಪೂಜೆಯ ದಿನ ಸ್ಕೂಟರ್ ತೊಳೆಯುತ್ತಿದ್ದೆ. ಬಕೆಟ್ ಎತ್ತಿದಾಗ ಏನೂ ಆಗಲಿಲ್ಲ. ಕೆಳಗೆ ಬಿದ್ದಿದ್ದ ಒರೆಸುವ ಬಟ್ಟೆ ತೆಗೆದುಕೊಳ್ಳಲು ಬಗ್ಗಿದೆ, ಅಲ್ಲೇ ಹಿಡಿದುಕೊಂಡಿತು. ಗೇಟು ಹಿಡಿದು ನಿಂತವಳು ನಿಂತೇ ಇದ್ದೆ. ಎದುರು ಮನೆಯ ಅಜ್ಜಿ ಅವರ ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗ ಕಾಲು ಮುಂದಾಗಿ ಹುಟ್ಟಿದವನಂತೆ, ಅವನ ಕೈಲಿ ಒದೆಸಿಕೊಂಡರೆ ಉಳುಕು ಬಿಡುತ್ತದಂತೆ. ಇಷ್ಟು ವರ್ಷ ಜನರ ಸೊಂಟ ನೋಡಿದವಳು ನಾನು, ಎಂಟು ವರ್ಷದ ಹುಡುಗನಿಂದ ಒದೆಸಿಕೊಂಡೆ. ಮೂರು ಸಲ, ಮೆಲ್ಲಗೆ. ನೋವು ಹೋಗಲಿಲ್ಲ, ಆದರೆ ನಗು ಬಂದು ಉಸಿರು ಸಡಿಲವಾಯಿತು. ಆಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು, ಗೋಡೆ ಹಿಡಿದುಕೊಂಡು ಮನೆಯೊಳಗೇ ಐದೈದು ನಿಮಿಷ ಓಡಾಡಿದೆ. ಒಂಬತ್ತನೇ ದಿನ ಕ್ಲಿನಿಕ್‌ಗೆ ಹೋದೆ.

ಮಲಗಿಯೇ ಇರುವುದು ಒಳ್ಳೆಯದಲ್ಲ ಅನ್ನುವುದು ಈಗ ಹೊಸ ಮಾತಲ್ಲ. 1995ರಲ್ಲಿ ಹೆಲ್ಸಿಂಕಿಯ ನಗರ ನೌಕರರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದು ಗುಂಪಿಗೆ ‘ನೋವು ಸಹಿಸುವಷ್ಟು ನಿಮ್ಮ ದಿನದ ಕೆಲಸ ಮಾಡಿಕೊಂಡಿರಿ’ ಅಂದರು. ಬೇಗ ಚೇತರಿಸಿಕೊಂಡವರು ಮೂರನೆಯವರು. ನೋವು ಹಿಡಿದ ಮೊದಲ ವಾರದಲ್ಲಿ ಭಾರಿ ವ್ಯಾಯಾಮವೂ ಬೇಡ, ಹಾಸಿಗೆಯೂ ಬೇಡ. ಸ್ನಾನ, ಊಟ, ಬೀದಿ ಕೊನೆಯವರೆಗೆ ಒಂದು ನಡಿಗೆ. ಸಾಕು.

ನಿಮ್ಮ ಹಂತ ಅದನ್ನು ದಾಟಿದೆ. ಈಗ ನಿಮಗೆ ಬೇಕಾಗಿರುವುದು ಮತ್ತೆ ಹಿಡಿಯದ ಹಾಗೆ ನೋಡಿಕೊಳ್ಳುವುದು. ಒಮ್ಮೆ ಬಂದು ಹೋದವರಲ್ಲಿ ನೂರಕ್ಕೆ ಸುಮಾರು 70 ಜನರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಇದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಮದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ನಡಿಗೆಯನ್ನು ಹಂತ ಹಂತವಾಗಿ ಏರಿಸಿಕೊಂಡು ಹೋದವರಲ್ಲಿ ನೋವು ಮರಳಲು ಹಿಡಿದ ಕಾಲ 208 ದಿನ. ಏನೂ ಮಾಡದವರಲ್ಲಿ 112 ದಿನ. ಗುರಿ ಇದ್ದದ್ದು ಆರು ತಿಂಗಳೊಳಗೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಮೊದಲ ದಿನವೇ ಲಾಲ್‌ಬಾಗ್‌ನ 240 ಎಕರೆ ಸುತ್ತಬೇಕಿಲ್ಲ. ನಿಮ್ಮ ಕಡೆಯ ಫುಟ್‌ಪಾತ್‌ಗಳನ್ನು ನಾನೂ ನೋಡಿದ್ದೇನೆ, ಅಲ್ಲಿ ಕಾಲು ಉಳುಕಿಸಿಕೊಂಡು ನನ್ನ ಹತ್ತಿರ ಬರುವುದು ಬೇಡ. ಹತ್ತಿರದ ಪಾರ್ಕು, ಇಲ್ಲದಿದ್ದರೆ ಮನೆ ತಾರಸಿ. ಈ ವಾರ ಹತ್ತು ನಿಮಿಷ, ಮುಂದಿನ ವಾರ ಹದಿನೈದು. ಫೋನ್ ಮೀಟಿಂಗ್‌ಗಳಲ್ಲಿ ನೀವು ಬರೀ ಕೇಳುವುದೇ ಜಾಸ್ತಿ ಅಲ್ವಾ? ಅವನ್ನು ಓಡಾಡುತ್ತ ಕೇಳಿ.

ಕೂರುವುದರ ಬಗ್ಗೆ ನಿಮಗೆ ಯಾರಾದರೂ ಹೆದರಿಸಿರುತ್ತಾರೆ. ನೆಟ್ಟಗೆ ಕೋಲಿನ ಹಾಗೆ ಕೂರಬೇಕು ಅಂತ. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೇ ಪುಟ್ಟ ಮಾಪಕ ಇಟ್ಟು ಒತ್ತಡ ಅಳೆದರು. ಅದೂ ನಿಮ್ಮದೇ ಎಲ್4-ಎಲ್5 ಜಾಗದಲ್ಲಿ. ಕುರ್ಚಿಗೆ ಒರಗಿ ಸಡಿಲವಾಗಿ ಕೂತಾಗ ಒತ್ತಡ, ನಿಂತಿದ್ದಾಗಿನದಕ್ಕಿಂತ ಕಡಿಮೆಯೇ ಇತ್ತು. ಕೂರುವುದು ವಿಷವಲ್ಲ. ಒಂದೇ ಭಂಗಿಯಲ್ಲಿ ಮೂರು ಗಂಟೆ ಕೂತಿರುವುದು ಸೊಂಟಕ್ಕೆ ಬೇಸರ ತರಿಸುತ್ತದೆ, ಅಷ್ಟೆ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ನಿಲ್ಲಿ. ದೊಡ್ಡ ಬಾಟಲಿ ಬಿಟ್ಟು ಸಣ್ಣ ಲೋಟ ಇಟ್ಟುಕೊಳ್ಳಿ, ನೀರಿಗಾದರೂ ಏಳಬೇಕಾಗುತ್ತದೆ. ದುಬಾರಿ ಕುರ್ಚಿ ಕೊಳ್ಳುವ ಮೊದಲು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದನ್ನು ಬಿಡಿ. ಊಟದ ಮೇಜು, ಸೊಂಟದ ಹಿಂದೆ ಸುತ್ತಿದ ಟವೆಲ್, ಇಷ್ಟರಲ್ಲೇ ಎಷ್ಟೋ ಜನರ ಕೆಲಸ ಆಗಿದೆ.

ಅದೇ ಪ್ರಯೋಗದಲ್ಲಿ ನಿಮ್ಮ ಕ್ಯಾನಿಗೂ ಉತ್ತರ ಇದೆ. ಸುಮ್ನೆ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ). ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3. ಮಂಡಿ ಮಡಚಿ ಎತ್ತಿದಾಗ 1.7. ಅದೇ 20 ಕೆಜಿಯನ್ನು ಮೈಗೆ ಅಪ್ಪಿಕೊಂಡು ನಿಂತಾಗ 1.1. ಅಳೆದದ್ದು ಒಬ್ಬನನ್ನೇ, ಆದ್ದರಿಂದ ಅಂಕಿಗಿಂತ ಅಂತರ ನೋಡಿ. ಭಾರ ಎಷ್ಟಿದೆ ಅನ್ನುವಷ್ಟೇ, ಅದು ಮೈಯಿಂದ ಎಷ್ಟು ದೂರ ಇದೆ ಅನ್ನುವುದೂ ಮುಖ್ಯ. ಕ್ಯಾನ್ ತರುವ ಹುಡುಗರು ಅದನ್ನು ಹೆಗಲಿಗೆ ಅಂಟಿಸಿಕೊಂಡು ಮೂರು ಮಹಡಿ ಹತ್ತುತ್ತಾರೆ. ನಾವು ಕೈ ಚಾಚಿ ಅದರ ಕುತ್ತಿಗೆ ಹಿಡಿದು ಎಳೆಯುತ್ತೇವೆ. ಕಾಲು ಕ್ಯಾನಿನ ಎರಡು ಪಕ್ಕಕ್ಕೂ ಬರಲಿ, ಮಂಡಿ ಮಡಚಿ, ಹೊಟ್ಟೆಗೆ ಆನಿಸಿಕೊಂಡು ಏಳಿ. ತಿರುಗಬೇಕಾದರೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಎದ್ದ ಮೊದಲ ಅರ್ಧ ಗಂಟೆ ಕ್ಯಾನ್ ತಂಟೆಗೆ ಹೋಗಲೇಬೇಡಿ. ಸದ್ಯಕ್ಕೆ ಇದಕ್ಕಿಂತ ಸುಲಭದ ದಾರಿಯೂ ಇದೆ. ಕ್ಯಾನಿನ ಬಾಯಿಗೆ ಸಿಕ್ಕಿಸುವ ಪುಟ್ಟ ಪಂಪ್ ತನ್ನಿ. ಕ್ಯಾನ್ ನೆಲದ ಮೇಲೇ ಇರಲಿ.

ಸ್ಕೂಟರ್: ಬ್ಯಾಗನ್ನು ಬೆನ್ನಿಂದ ಇಳಿಸಿ ಕಾಲ ಹತ್ತಿರ ಇಡಿ. ಹಂಪ್ ಬಂದಾಗ ಪೃಷ್ಠ ಅರ್ಧ ಇಂಚು ಎತ್ತಿ ಭಾರ ಕಾಲಿಗೆ ಬಿಡಿ. ಬಸ್ಸಿನಲ್ಲಿ ಹೋಗುವ ದಿನ ಕೊನೆ ಸೀಟು ಬೇಡ. ಹಿಂದಿನ ಚಕ್ರದ ಆಚೆಗಿನ ಆ ಸೀಟು ಪ್ರತಿ ಹಂಪಿಗೂ ಜನರನ್ನು ಚೆಂಡಿನ ಹಾಗೆ ಎಸೆಯುತ್ತದೆ.

ಇನ್ನು ನಿಮ್ಮ ಮನೆಯವರ ಸಲಹೆಗಳು. ಚಾಪೆ ಬೇಕಿಲ್ಲ. ಸ್ಪೇನ್‌ನಲ್ಲಿ 313 ಜನರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಕಡಿಮೆಯಾಯಿತು. ಅಮ್ಮನಿಗೆ ಚಾಪೆ ಒಗ್ಗಿದರೆ ಅವರು ಮಲಗಲಿ. ಬೆಲ್ಟ್ ಒಂದೆರಡು ದಿನ ಧೈರ್ಯ ಕೊಡಬಹುದು. ಆದರೆ ಬಹಳ ದಿನದ ಸೊಂಟ ನೋವಿಗೆ ಬೆಲ್ಟ್ ಮತ್ತು ಟ್ರಾಕ್ಷನ್ (ಭಾರ ಕಟ್ಟಿ ಇಲ್ಲವೇ ಯಂತ್ರದಿಂದ ಸೊಂಟ ಎಳೆಯುವುದು) ಸಾಮಾನ್ಯವಾಗಿ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಾವನಿಗೆ ಬೇಜಾರಾಗದ ಹಾಗೆ ಬೀರುವಿನಲ್ಲಿಡಿ. ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದು, ಬಿಸಿನೀರಿನ ಶಾಖ, ಇವು ಹಿತ ಕೊಡುತ್ತವೆ, ಧಾರಾಳವಾಗಿ ಮಾಡಿ. ಗೊತ್ತಿಲ್ಲದವರ ಕೈಲಿ ‘ಲಟಕ್’ ಅನ್ನಿಸಿಕೊಳ್ಳುವುದು ಬೇಡ.

ಮಾತ್ರೆ ವಿಷಯ ಸ್ವಲ್ಪ ಗಮನಿಸಿ. 1,600ಕ್ಕೂ ಹೆಚ್ಚು ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಸದಾಗಿ ಬಂದ ಸೊಂಟ ನೋವಿಗೆ ಪ್ಯಾರಾಸಿಟಮಾಲ್, ಔಷಧವೇ ಇಲ್ಲದ ಸಪ್ಪೆ ಮಾತ್ರೆಗಿಂತ ಬೇಗ ಗುಣ ಮಾಡಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಕೆಲವು ದಿನಕ್ಕೆ ಸಹಾಯ ಮಾಡುತ್ತವೆ. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವಂಥವಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮತ್ತೆ ಮಳೆಗಾಲದಲ್ಲಿ ಮೈಕೈ, ಸೊಂಟ ನೋವಿನ ಜೊತೆ ಜ್ವರವೂ ಇದ್ದರೆ ಅದು ಡೆಂಗ್ಯೂ ಇರಬಹುದು. ಆಗ ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಆಪರೇಷನ್ ಅಂದ ಗೆಳೆಯನಿಗೆ ನೆದರ್ಲೆಂಡ್ಸ್‌ನ ಕಥೆ ಹೇಳಿ. ಅಲ್ಲಿ ತೀವ್ರ ಸಯಾಟಿಕಾ (ನರ ಒತ್ತಿ ಸೊಂಟದಿಂದ ಕಾಲಿಗೆ ಇಳಿಯುವ ನೋವು) ಇದ್ದ, ನಿಮಗಿಂತ ಎಷ್ಟೋ ಪಾಲು ಜಾಸ್ತಿ ನರಳುತ್ತಿದ್ದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪಿಗೆ ಕಾದು ನೋಡುವುದು, ಬೇಕಾದರೆ ಆಮೇಲೆ ಆಪರೇಷನ್. ಫಲಿತಾಂಶ 2007ರಲ್ಲಿ ಬಂತು. ಬೇಗ ಮಾಡಿಸಿಕೊಂಡವರ ಕಾಲು ನೋವು ಬೇಗ ಇಳಿಯಿತು, ಅದು ನಿಜ. ಕಾದವರಲ್ಲಿ ನೂರಕ್ಕೆ 39 ಜನ ಕೊನೆಗೆ ಆಪರೇಷನ್‌ಗೇ ಹೋದರು, ಅದೂ ನಿಜ. ಆದರೆ ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ನಿಮ್ಮದು ಮಂಡಿಗಿಂತ ಕೆಳಗೆ ಇಳಿಯದ ಎಳೆತ, ಜೋಮಿಲ್ಲ, ಶಕ್ತಿ ಕುಂದಿಲ್ಲ. ಆಪರೇಷನ್ ಮಾತೇ ಇಲ್ಲಿ ಬರುವುದಿಲ್ಲ. ಎಳೆತ ಪಾದದವರೆಗೆ ಇಳಿಯುತ್ತ ಹೋದರೆ ಮತ್ತೆ ತೋರಿಸಿ. ತೊಡೆಯಿಂದ ಮೇಲಕ್ಕೆ ಸರಿದು ಸೊಂಟದಲ್ಲೇ ನಿಂತರೆ ಅದು ಒಳ್ಳೆಯ ಲಕ್ಷಣ, ಆಗ ಸೊಂಟ ಸ್ವಲ್ಪ ಜಾಸ್ತಿ ನೊಂದರೂ ಗಾಬರಿ ಬೇಡ.

ವ್ಯಾಯಾಮದಲ್ಲಿ ಎರಡೇ ಹೇಳುತ್ತೇನೆ. ಹತ್ತು ಹೇಳಿದರೆ ಯಾರೂ ಮಾಡುವುದಿಲ್ಲ ಅನ್ನುವುದು ನನ್ನ ಅನುಭವ. ಒಂದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಸೇತುಬಂಧಾಸನದ ಹಾಗೆ. ಎರಡು, ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಹತ್ತು ಎಣಿಸುವುದು, ಆಮೇಲೆ ಕೈಕಾಲು ಬದಲಿಸುವುದು. ಬೆನ್ನ ಮೇಲೆ ಕಾಫಿ ಲೋಟ ಇಟ್ಟಿದ್ದಾರೆ ಅಂದುಕೊಳ್ಳಿ, ಚೆಲ್ಲಬಾರದು. ಎಂಟೆಂಟು ಸಲ, ದಿನಕ್ಕೊಮ್ಮೆ, ಸಂಜೆ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನಕ್ಕೂ ಉಳಿದರೆ ಅರ್ಧ ಮಾಡಿ. ಪಶ್ಚಿಮೋತ್ತಾನಾಸನದಂಥ ಪೂರ್ತಿ ಬಗ್ಗುವ ಆಸನಗಳನ್ನು ಇನ್ನೊಂದು ತಿಂಗಳು ಪಕ್ಕಕ್ಕಿಡಿ. ಸಿಗರೇಟ್ ಸೇದುತ್ತಿದ್ದರೆ ಬಿಡಲು ಇದೂ ಒಂದು ಕಾರಣ, ಬೆನ್ನು ನೋವಿಗೂ ಅದಕ್ಕೂ ನಂಟಿದೆ. ನಿದ್ದೆ ಕೆಟ್ಟ ವಾರ, ಕೆಲಸದ ಒತ್ತಡ ಏರಿದ ವಾರ ನೋವು ಜಾಸ್ತಿಯಾಗುತ್ತದೆ. ಅದು ಡಿಸ್ಕ್ ಇನ್ನಷ್ಟು ಹಾಳಾದದ್ದಕ್ಕಲ್ಲ, ನರಗಳು ಸೂಕ್ಷ್ಮವಾಗಿರುವುದಕ್ಕೆ.

ಮಗಳ ವಿಷಯಕ್ಕೆ ಬರುತ್ತೇನೆ. ಎತ್ತಿಕೊಳ್ಳಬಹುದು. ಮೂರು ವರ್ಷದ ಮಗು ಸುಮಾರು 13 ಕೆಜಿ ಇರಬಹುದು, ಕ್ಯಾನಿಗಿಂತ ಹಗುರ. ಅದೂ ಅಲ್ಲದೆ ಕ್ಯಾನ್ ನಿಮ್ಮ ಕುತ್ತಿಗೆಗೆ ತಾನಾಗಿ ಕೈ ಹಾಕುವುದಿಲ್ಲ. ಈ ವಾರ ನೆಲದಿಂದ ಬೇಡ. ಸೋಫಾ ಮೇಲೆ ಹತ್ತಿಸಿ, ಅಲ್ಲಿಂದ ಎದೆಗೆ ಅಪ್ಪಿಕೊಂಡು ಎತ್ತಿ. ಎರಡು ವಾರ ತೊಂದರೆ ಆಗದಿದ್ದರೆ ನೆಲದಿಂದ ಶುರುಮಾಡಿ. ಒಂದು ಮಂಡಿ ಊರಿ ಕೂತು, ಅವಳು ಹತ್ತಿರ ಬಂದು ಅಂಟಿಕೊಂಡ ಮೇಲೆ ಏಳಿ. ಒಂದೇ ಪಕ್ಕದ ಸೊಂಟದ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ನಿಲ್ಲುವುದನ್ನು ಮಾತ್ರ ಸದ್ಯಕ್ಕೆ ಅವಳ ಅಜ್ಜಿಗೂ ಬೇಡ ಅನ್ನಿ. ನೀವು ಆಫೀಸಿನಿಂದ ಬಂದು ಹೆಲ್ಮೆಟ್ ತೆಗೆಯುವ ಮೊದಲೇ ಅವಳು ಹಿಂದಿನಿಂದ ಬಂದು ಬೆನ್ನಿಗೆ ಹಾರಿದರೆ ಏನು ಮಾಡಬೇಕು ಅಂತ ನನ್ನನ್ನು ಕೇಳಬೇಡಿ. ಅದಕ್ಕೆ ನಮ್ಮಲ್ಲಿ ಯಾವ ವ್ಯಾಯಾಮವೂ ಇಲ್ಲ.